ಸಿಎನ್‌ಸಿ ಕಲಿಯೋಕೆ ಎಲ್ಲಿ ಸೇರಬೇಕು? ಖಾಸಗಿ ಸೆಂಟರ್, ಐಟಿಐ, ಜಿಟಿಟಿಸಿ

ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಲೋಹ ಕತ್ತರಿಸೋ ಮೆಷಿನ್. ಮೊದಲೇ ಹೇಳಿಬಿಡುತ್ತೇನೆ, ಅದನ್ನು ಕಲಿಯೋಕೆ ನನ್ನ ಓಟು ಜಿಟಿಟಿಸಿಗೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಂತ ಬೋರ್ಡಿನಲ್ಲಿ ಇರುತ್ತದೆ, ಮೆಷಿನ್ ಶಾಪ್‌ಗಳಲ್ಲಿ ಎಲ್ಲರೂ ಟೂಲ್ ರೂಮ್ ಅಂತಾರೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದ ಮೇಲೆ ನಾನು ಬೆಂಗಳೂರಿನ ಒಂದು ಖಾಸಗಿ ಸೆಂಟರ್‌ನಲ್ಲಿ 3 ತಿಂಗಳ ಸಿಎನ್‌ಸಿ ಕೋರ್ಸ್ ಮಾಡಿದೆ. ಆಮೇಲೆ ಜಿಟಿಟಿಸಿಯಲ್ಲಿ ಅಲ್ಪಾವಧಿ ಕೋರ್ಸ್ ಮಾಡಿದೆ. ತಮ್ಮ ಐಟಿಐಯಲ್ಲಿ ಟರ್ನರ್ ಟ್ರೇಡ್ (ಲೋಹದ ತುಂಡನ್ನು ತಿರುಗಿಸಿ ಕತ್ತರಿಸೋ ಲೇತ್ ಮೆಷಿನ್‌ನ ಕೆಲಸ) ಮುಗಿಸಿದ್ದಾನೆ. ಚಿಕ್ಕಪ್ಪನ ಮಗಳು ಜಿಟಿಟಿಸಿಯಲ್ಲೇ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ಮಾಡೋ ಕೆಲಸ) ಡಿಪ್ಲೊಮಾ ಓದುತ್ತಿದ್ದಾಳೆ. ನಾನೀಗ ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಸೆಟ್ಟರ್, ಮೆಷಿನ್‌ಗೆ ಟೂಲ್ ಕಟ್ಟಿ ಸೈಜ್ ಹೊಂದಿಸೋ ಕೆಲಸ. ಒಂದೇ ಮನೆಯವರು ಮೂರೂ ದಾರಿ ಹಿಡಿದಿದ್ದರಿಂದ ಹೋಲಿಸೋದು ಸುಲಭವಾಯಿತು.

ಖಾಸಗಿ ಸೆಂಟರ್‌ನಲ್ಲಿ ಒಳ್ಳೆಯದು ಏನೂ ಇರಲಿಲ್ಲ ಅಂತ ಹೇಳೋದಿಲ್ಲ. ಸೇರೋದು ಸುಲಭ. ಸಂಜೆ ಬ್ಯಾಚ್ ಇತ್ತು, ಹಗಲು ಕೆಲಸ ಮಾಡೋರೂ ಬರುತ್ತಿದ್ದರು. ಪಾಠ ಮಾಡುತ್ತಿದ್ದ ಸರ್ ತುಂಬ ತಾಳ್ಮೆಯವರು. ಟೂಲ್ ಹೇಗೆ ಓಡಬೇಕು ಅಂತ ಮೆಷಿನ್‌ಗೆ ಹೇಳೋ ಕೋಡ್‌ಗಳು, ಅಂದರೆ ಜಿ01, ಜಿ02, ಜಿ03, ರಫಿಂಗ್‌ಗೆ (ಮೊದಲ ಒರಟು ಕಟ್) ಜಿ71, ಫಿನಿಶಿಂಗ್‌ಗೆ ಜಿ70, ಥ್ರೆಡ್ಡಿಂಗ್‌ಗೆ ಜಿ76, ಎಲ್ಲವನ್ನೂ ಡ್ರಾಯಿಂಗ್ ಮುಂದಿಟ್ಟು ಬರೆಸಿದರು. ಪ್ರೋಗ್ರಾಂ ಬರೆಯೋದು ನನಗೆ ಗಟ್ಟಿಯಾಗಿದ್ದು ಅಲ್ಲೇ. ಫೀಸ್ 30,000 ರೂಪಾಯಿ ಹತ್ತಿರ.

ತೊಂದರೆ ಇದ್ದದ್ದು ಮೆಷಿನ್‌ನಲ್ಲಿ. ಇದ್ದದ್ದು ಒಂದೇ ಲೇತ್, ನಾವು ಒಂದು ರೂಮು ತುಂಬ ಜನ. ಪ್ರೋಗ್ರಾಂ ಕಂಪ್ಯೂಟರ್‌ನಲ್ಲಿ ಬರೆದು ಸಿಮ್ಯುಲೇಟರ್‌ನಲ್ಲಿ ಓಡಿಸಬೇಕು. ಪರದೆ ಮೇಲೆ ಹಸಿರು ಬಣ್ಣದ ಜಾಬ್ (ಕತ್ತರಿಸಬೇಕಾದ ಲೋಹದ ತುಂಡು) ತಿರುಗುತ್ತದೆ, ಟೂಲ್ ಬಂದು ಕತ್ತರಿಸುತ್ತದೆ, ಸರಿ ಬಂತು ಅಂತ ಖುಷಿಯಾಗುತ್ತದೆ. ವಾರದ ಕೊನೆಗೆ ಎಲ್ಲರನ್ನೂ ಕೆಳಗಿನ ಶೆಡ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಟೂಲ್‌ಗಳು ಮೊದಲೇ ಸೆಟ್ ಆಗಿರುತ್ತಿದ್ದವು. ಸರ್ ಸೈಕಲ್ ಸ್ಟಾರ್ಟ್ ಒತ್ತುತ್ತಿದ್ದರು. ನಾವು ಬಾಗಿಲಿನ ಗಾಜಿನ ಮುಂದೆ ಒತ್ತೊತ್ತಾಗಿ ನಿಂತು, ಒಳಗೆ ಕೂಲಂಟ್ ಚಿಮ್ಮೋದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದೆವು.

ಇದು ಯಾಕೆ ಅಷ್ಟು ದೊಡ್ಡ ವಿಷಯ? ಶಾಪ್‌ನಲ್ಲಿ ಹೊಸಬರಿಗೆ ಪ್ರೋಗ್ರಾಂ ಬರೆಯೋ ಕೆಲಸ ಕೊಡೋದೇ ಕಡಿಮೆ. ನಾನು ಕೆಲಸ ಕೇಳಿ ಟ್ರೇಡ್ ಟೆಸ್ಟ್‌ಗೆ (ಕೈಕೆಲಸದ ಪರೀಕ್ಷೆ) ಹೋದ ಕಡೆ ಸೂಪರ್‌ವೈಸರ್ ಹೇಳಿದ್ದು ಇಷ್ಟೇ: "ಪ್ರೋಗ್ರಾಂ ಇದೆಯಮ್ಮ. ನೀನು ಟೂಲ್ ಸೆಟ್ ಮಾಡಿ ಫಸ್ಟ್ ಪೀಸ್ ಕೊಡು." ಡ್ರಾಯಿಂಗ್‌ನಲ್ಲಿ 25 ಎಚ್6 (ಸಣ್ಣ ಅಕ್ಷರದ h) ಡಯಾ (ವ್ಯಾಸ, ಮಿಲಿಮೀಟರ್‌ನಲ್ಲಿ). ಅಂದರೆ ಸೈಜ್ 25.000ಕ್ಕಿಂತ ಮೇಲೆ ಹೋಗಬಾರದು, 24.987ಕ್ಕಿಂತ ಕೆಳಗೆ ಇಳಿಯಬಾರದು. 13 ಮೈಕ್ರಾನ್ (0.013 ಮಿಲಿಮೀಟರ್) ಜಾಗದೊಳಗೆ ಜಾಬ್ ನಿಲ್ಲಿಸಬೇಕು. ನನಗೆ ಜಿ76ರ ಸಾಲು ಬಾಯಿಪಾಠ ಇತ್ತು. ಆದರೆ ಟರೆಟ್‌ಗೆ (ಟೂಲ್‌ಗಳನ್ನು ಹಿಡಿದಿರೋ ಭಾಗ) ಟೂಲ್ ಕಟ್ಟಿ ಆಫ್‌ಸೆಟ್ ತೆಗೆಯೋದನ್ನು, ಅಂದರೆ ಟೂಲ್ ತುದಿ ಎಲ್ಲಿದೆ ಅಂತ ಅಳೆದು ಮೆಷಿನ್‌ಗೆ ಹೇಳೋದನ್ನು, ಸೆಂಟರ್‌ನಲ್ಲಿ ಒಬ್ಬರ ಕೈಯಲ್ಲೂ ಮಾಡಿಸಿರಲಿಲ್ಲ. ಆ ಕೆಲಸ ನನಗೆ ಸಿಗಲಿಲ್ಲ.

ಆಫ್‌ಸೆಟ್ ತೆಗೆಯೋದು ಹೇಳೋಕೆ ಸಣ್ಣದು. ಮೆಷಿನ್‌ಗೆ ಫ್ಯಾನುಕ್ ಕಂಪನಿಯ ಕಂಟ್ರೋಲ್ ಇದ್ದರೆ, ಜಾಬ್‌ನ ಮುಖಕ್ಕೆ ಒಂದು ಫೇಸಿಂಗ್ ಕಟ್ ಹಾಕಿ ಝಡ್ (ಉದ್ದದ ದಿಕ್ಕು) ಸೊನ್ನೆ ಕೊಡಬೇಕು. ಹೊರಗಿನ ಡಯಾ ಮೇಲೆ ತೆಳ್ಳಗೆ ಒಂದು ಕಟ್ ತೆಗೆದು, ಎಕ್ಸ್ (ಅಡ್ಡ ದಿಕ್ಕು) ಅಲುಗಾಡಿಸದೆ ಝಡ್‌ನಲ್ಲಿ ಹಿಂದೆ ಬಂದು, ಸ್ಪಿಂಡಲ್ (ಜಾಬ್ ತಿರುಗಿಸೋ ಭಾಗ) ನಿಲ್ಲಿಸಿ, ಮೈಕ್ರೋಮೀಟರ್‌ನಲ್ಲಿ ಅಳೆದು, ಬಂದ ಸೈಜನ್ನು ಜಾಮೆಟ್ರಿ ಪೇಜ್‌ನಲ್ಲಿ ಟೈಪ್ ಮಾಡಿ ಮೆಷರ್ ಒತ್ತಬೇಕು. ಆಮೇಲೆ ಫಸ್ಟ್ ಪೀಸ್ 25.04 ಬಂತು ಅಂದುಕೊಳ್ಳಿ. ವೇರ್ (ಸಣ್ಣ ತಿದ್ದುಪಡಿಯ) ಪೇಜ್‌ಗೆ ಹೋಗಿ ಮೈನಸ್ 0.05 ಕೊಡಬೇಕು, ಮುಂದಿನದು 24.99 ಬರುತ್ತದೆ. ಮೈನಸ್ ಬದಲು ಪ್ಲಸ್ ಕೊಟ್ಟರೆ ಜಾಬ್ ಇನ್ನೂ ದಪ್ಪ. ಒಳಗಿನ ಬೋರ್ ಆದರೆ ಲೆಕ್ಕ ಉಲ್ಟಾ: ದೊಡ್ಡದಾಗಬೇಕು ಅಂದರೆ ಪ್ಲಸ್. ಓದಿದರೆ ಒಂದೇ ನಿಮಿಷ. ಆದರೆ ಬೆರಳು ಕೀ ಮೇಲೆ ಇಟ್ಟಾಗ ಆಗೋ ಗಲಿಬಿಲಿ ಹೋಗೋಕೆ ಅದನ್ನು ಮತ್ತೆ ಮತ್ತೆ ಮಾಡಲೇಬೇಕು.

ಇನ್ನೊಂದು, ದಶಮಾಂಶದ ಚುಕ್ಕಿ. ಸೆಂಟರ್‌ನ ಸಿಮ್ಯುಲೇಟರ್‌ನಲ್ಲಿ ಎಕ್ಸ್50 ಅಂತ ಬರೆದರೆ 50 ಮಿಲಿಮೀಟರ್ ಅಂತಲೇ ತೆಗೆದುಕೊಳ್ಳುತ್ತಿತ್ತು. ಶಾಪ್‌ನ ಎಷ್ಟೋ ಮೆಷಿನ್‌ಗಳಲ್ಲಿ ಚುಕ್ಕಿ ಇಲ್ಲದ ಎಕ್ಸ್50 ಅಂದರೆ 0.050 ಮಿಲಿಮೀಟರ್. ಅಂದರೆ ಟೂಲ್ ಹೊರಗೆ ನಿಲ್ಲೋದು ಬಿಟ್ಟು ಸೀದಾ ಜಾಬ್‌ನ ನಡುಮಧ್ಯದ ಕಡೆಗೆ ನುಗ್ಗುತ್ತದೆ. ರ‍್ಯಾಪಿಡ್‌ನಲ್ಲಿ (ಟೂಲ್ ಪೂರ್ತಿ ವೇಗದಲ್ಲಿ ಓಡೋದು) ಇದ್ದರೆ ಇನ್ಸರ್ಟ್ (ಕತ್ತರಿಸೋ ತುದಿ) ಪುಡಿ, ಹೋಲ್ಡರ್ ಬಾಗುತ್ತದೆ, ಸ್ಪಿಂಡಲ್‌ಗೆ ಏಟು ಬಿದ್ದರೆ ಮಾಲೀಕರ ಲಕ್ಷಗಟ್ಟಲೆ ದುಡ್ಡು ಹೋಯಿತು. ಪಕ್ಕದಲ್ಲಿ ನಿಂತವರ ಗತಿ ಬೇರೆ. ಇದನ್ನು ಹೇಳಿಕೊಡದೆ ಸರ್ಟಿಫಿಕೇಟ್ ಕೊಟ್ಟು ಕಳಿಸೋದು ನನ್ನ ಪ್ರಕಾರ ಅನ್ಯಾಯ, ಓದೋರಿಗೂ, ಕೆಲಸ ಕೊಡೋರಿಗೂ.

ಜಿಟಿಟಿಸಿಯಲ್ಲಿ ಇದೇ ಜಾಗದಿಂದ ಪಾಠ ಶುರುವಾಯಿತು. ಇನ್‌ಸ್ಟ್ರಕ್ಟರ್ ಟರೆಟ್‌ನಲ್ಲಿದ್ದ ಟೂಲ್‌ಗಳನ್ನೆಲ್ಲ ಬಿಚ್ಚಿಸಿದರು. "ಈಗ ನೀವೇ ಹಾಕಿ, ನೀವೇ ಸೆಟ್ ಮಾಡಿ" ಅಂದರು. ಒಬ್ಬರಾದ ಮೇಲೆ ಒಬ್ಬರು, ಎಲ್ಲರ ಕೈಯಲ್ಲೂ ಮಾಡಿಸಿದರು. ಹೊಸ ಪ್ರೋಗ್ರಾಂ ಮೊದಲ ಸಲ ಓಡಿಸುವಾಗ ಸಿಂಗಲ್ ಬ್ಲಾಕ್ (ಒಂದು ಸಲಕ್ಕೆ ಪ್ರೋಗ್ರಾಂನ ಒಂದೇ ಸಾಲು) ಹಾಕಿ, ರ‍್ಯಾಪಿಡ್ 25 ಪರ್ಸೆಂಟ್‌ಗೆ ಇಳಿಸಿ, ಒಂದು ಕೈ ಫೀಡ್ ಓವರ್‌ರೈಡ್ (ಟೂಲ್ ಓಡೋ ವೇಗ ಹೆಚ್ಚು ಕಡಿಮೆ ಮಾಡೋ ಗುಂಡಿ) ಮೇಲೆ ಇಟ್ಟುಕೊಂಡಿರಬೇಕು. ಕಣ್ಣು ಪರದೆಯ ಡಿಸ್ಟೆನ್ಸ್ ಟು ಗೋ ಮೇಲೆ. ಇನ್ನೂ ಎಷ್ಟು ದೂರ ಹೋಗಬೇಕು ಅಂತ ಅಲ್ಲಿ ತೋರಿಸುತ್ತದೆ. ಟೂಲ್ ಚಕ್‌ಗೆ (ಜಾಬ್ ಹಿಡಿಯೋ ಭಾಗ) ಬೆರಳಗಲ ದೂರದಲ್ಲಿದೆ, ಪರದೆ ಇನ್ನೂ 40 ಮಿಲಿಮೀಟರ್ ಬಾಕಿ ಅನ್ನುತ್ತಿದೆ ಅಂದರೆ ತಕ್ಷಣ ಫೀಡ್ ಹೋಲ್ಡ್ ಒತ್ತಿ ಟೂಲ್ ನಿಲ್ಲಿಸಬೇಕು, ಎಲ್ಲೋ ಆಫ್‌ಸೆಟ್ ತಪ್ಪಿದೆ. ಈ ಒಂದು ಅಭ್ಯಾಸ ನನ್ನನ್ನು ಇವತ್ತಿಗೂ ಕಾಯುತ್ತಿದೆ. ಪ್ರತಿ ಹೊಸ ಜಾಬ್‌ಗೂ ಹಾಗೇ ಮಾಡುತ್ತೇನೆ, ಎಷ್ಟೇ ಅವಸರ ಇದ್ದರೂ.

ಸಾಫ್ಟ್ ಜಾ ಬೋರಿಂಗ್ (ಚಕ್‌ನ ಹಿಡಿಗಳನ್ನು ಜಾಬ್‌ನ ಸೈಜ್‌ಗೆ ಕೊರೆಯೋದು) ಕೂಡ ಅಲ್ಲೇ ಕಲಿತದ್ದು. ಫೀಸ್ ಖಾಸಗಿ ಸೆಂಟರ್‌ಗಿಂತ ಕಡಿಮೆಯೇ ಆಯಿತು.

ಅಲ್ಲಿ ಹೀಗೆ ಕಲಿಸೋಕೆ ಕಾರಣವೂ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಪಾಠದ ಜೊತೆಗೆ ಕಂಪನಿಗಳಿಗೆ ಮೋಲ್ಡು, ಡೈ, ಬಿಡಿಭಾಗಗಳನ್ನೂ ಮಾಡಿಕೊಡುತ್ತದೆ. ಕಲಿಯೋರು ಓಡಾಡೋ ಶೆಡ್‌ನಲ್ಲೇ ಗಿರಾಕಿಯ ಜಾಬ್ ಇರುತ್ತದೆ. ಸೈಜ್ ತಪ್ಪಿದರೆ ಆ ಪೀಸ್ ರಿಜೆಕ್ಟ್ ಅನ್ನೋದು ಕಣ್ಣೆದುರಿಗೆ ಕಾಣುತ್ತದೆ. ಸುಮ್ನೆ ಅಭ್ಯಾಸಕ್ಕೆ ಅಂತ ಮಾಡೋ ಜಾಬ್‌ಗೆ ಆ ಭಯ ಬರೋದಿಲ್ಲ ಅಲ್ವಾ?

ಚಿಕ್ಕಪ್ಪನ ಮಗಳದ್ದು ಉದ್ದದ ಕೋರ್ಸ್. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸೇರಬಹುದು. 3 ವರ್ಷ ಅಲ್ಲೇ, ಕೊನೆಯ 1 ವರ್ಷ ಕಂಪನಿಯಲ್ಲಿ ಟ್ರೇನಿಂಗ್. ಅವಳಿಗೆ ಮೊದಲು ಕೈಗೆ ಕೊಟ್ಟದ್ದು ಅರ. ಮೈಲ್ಡ್ ಸ್ಟೀಲ್ ತುಂಡನ್ನು ವೈಸ್‌ನಲ್ಲಿ ಕಟ್ಟಿ, ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಎಲ್ಲೂ ಬೆಳಕು ಇಣುಕಬಾರದು. ಮನೆಗೆ ಬಂದಾಗ ಅಂಗೈ ತೋರಿಸಿ ಅತ್ತಿದ್ದೂ ಉಂಟು. ಈಗ ಅವಳು ಒಂದು ಮೇಲ್ಮೈ ಮೇಲೆ ಬೆರಳು ಆಡಿಸಿ ಎಲ್ಲಿ ಉಬ್ಬಿದೆ ಅಂತ ಹೇಳುತ್ತಾಳೆ, ಡಯಲ್ ಗೇಜ್ ಇಟ್ಟು ನೋಡಿದರೆ ಸರಿಯಾಗಿರುತ್ತದೆ. ನನಗೆ ಅದು ಇನ್ನೂ ಬಂದಿಲ್ಲ. 10ನೇ ತರಗತಿ ಮುಗಿಸಿದ ಮಕ್ಕಳಿಗೆ, 4 ವರ್ಷ ಕೊಡೋಕೆ ಆಗುತ್ತದೆ ಅಂದರೆ, ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಐಟಿಐ ವಿಷಯಕ್ಕೆ ಬಂದರೆ, ಅದನ್ನು ಕಡಿಮೆ ಅಂತ ನೋಡೋದು ನನಗೆ ಸಿಟ್ಟು ತರಿಸುತ್ತದೆ. ನಮ್ಮದು ಹರಿಹರ, ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಾಡುತ್ತಿದ್ದ ಊರು. ತಮ್ಮ ಕಲಿತದ್ದೂ ಒಂದು ಹಳೇ ಕಿರ್ಲೋಸ್ಕರ್ ಲೇತ್ ಮೇಲೆ. ಹ್ಯಾಂಡಲ್ ತಿರುಗಿಸಿ ಕಟ್ ಕೊಟ್ಟು, ಚಿಪ್ಸ್ ಬಣ್ಣ ನೋಡಿ ಸ್ಪೀಡ್ ಜಾಸ್ತಿಯಾಯಿತು ಅಂತ ಗೊತ್ತು ಮಾಡಿಕೊಳ್ಳುತ್ತಾನೆ. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದರು. ಹೊಸ ಸಿಎನ್‌ಸಿ, ರೋಬೋಟ್ ಎಲ್ಲ ಬಂದಿವೆ. ಫೀಸ್ ಬಡವರಿಗೂ ಕೈಗೆಟಕುತ್ತದೆ. ಎಲ್ಲಕ್ಕಿಂತ ಮುಖ್ಯ ಕಾಗದ: 2 ವರ್ಷ ಮುಗಿಸಿ ಅಖಿಲ ಭಾರತ ಟ್ರೇಡ್ ಟೆಸ್ಟ್ ಪಾಸಾದರೆ ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್), ಆಮೇಲೆ ಅಪ್ರೆಂಟಿಸ್ ಮುಗಿಸಿದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್). ರೈಲ್ವೆ, ಎಚ್‌ಎಎಲ್‌ನಂಥ ಕಡೆ ಅರ್ಜಿ ಹಾಕುವಾಗ ಈ ಕಾಗದಗಳಿಗೆ ಬೆಲೆ. ಖಾಸಗಿ ಸೆಂಟರ್‌ನ ಸರ್ಟಿಫಿಕೇಟ್ ಅಲ್ಲಿ ನಡೆಯೋದಿಲ್ಲ. ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೂ ಸೇರಬಹುದು.

ಪಾಲಿಟೆಕ್ನಿಕ್ ಬಗ್ಗೆ ಒಂದೇ ಮಾತು. ಮುಂದೆ ಬಿಇ ಮಾಡೋ ಆಸೆ ಇದ್ದರೆ ಅದು ಒಳ್ಳೆ ದಾರಿ, ಆದರೆ ಕೈಕೆಲಸಕ್ಕೆ ಬೇರೆ ಕಡೆ ಹೋಗಬೇಕು.

ಎನ್‌ಟಿಟಿಎಫ್ (ನೆಟ್ಟೂರು ಟೆಕ್ನಿಕಲ್ ಟ್ರೇನಿಂಗ್ ಫೌಂಡೇಶನ್) ಬಗ್ಗೆಯೂ ಕೇಳುತ್ತಾರೆ. 1959ರಿಂದ ಇರೋ ಸಂಸ್ಥೆ, ಪೀಣ್ಯದಲ್ಲಿ ಅಲ್ಲಿಂದ ಬಂದವರಿಗೆ ಒಳ್ಳೆ ಮರ್ಯಾದೆ ಇದೆ. ನಮ್ಮ ಮನೆಯಲ್ಲಿ ಇಬ್ಬರ ಫೀಸ್ ಒಟ್ಟಿಗೆ ಕಟ್ಟಬೇಕಿತ್ತು, ಬಜೆಟ್‌ಗೆ ಬರಲಿಲ್ಲ. ಹಾಗಾಗಿ ಅಲ್ಲಿ ಕಲಿತು ನೋಡಿಲ್ಲ.

ನಾನು ಕೈಯಲ್ಲಿ ಮಾಡಿದರೆ ಮಾತ್ರ ತಲೆಗೆ ಹೋಗೋ ಜಾತಿ. ಜೇಬಲ್ಲಿ ಸಣ್ಣ ನೋಟ್‌ಬುಕ್ ಇಟ್ಟು ಪ್ರತಿ ಜಾಬ್‌ನ ಆಫ್‌ಸೆಟ್ ಬರೆದುಕೊಳ್ಳುತ್ತೇನೆ. ನನ್ನಂಥವರಿಗೆ ಜಿಟಿಟಿಸಿ ಸರಿ. ದುಡ್ಡು ತೀರಾ ಬಿಗಿ, ಸರ್ಕಾರಿ ಕೆಲಸದ ಕಡೆ ಕಣ್ಣು ಅಂದರೆ ಕಣ್ಣು ಮುಚ್ಚಿಕೊಂಡು ಐಟಿಐ. ಈಗಾಗಲೇ ಆಪರೇಟರ್ ಆಗಿ ಮೆಷಿನ್ ಮೇಲೆ ನಿಂತಿದ್ದೀರಿ, ಪ್ರೋಗ್ರಾಂ ಮಾತ್ರ ಬೇಕು, ಸಂಜೆ ಬಿಟ್ಟರೆ ಟೈಮ್ ಇಲ್ಲ ಅಂದರೆ ಖಾಸಗಿ ಸೆಂಟರ್ ಸಾಕು. ಆದರೆ ಫೀಸ್ ಕಟ್ಟೋ ಮೊದಲು ಬ್ಯಾಚ್ ನಡೆಯುವ ಹೊತ್ತಿಗೆ ಹೋಗಿ ಶೆಡ್ ಒಳಗೆ ನಿಂತು ನೋಡಿ. ಒಂದು ಮೆಷಿನ್‌ಗೆ ಎಷ್ಟು ಜನ ಅಂತ ಎಣಿಸಿ. ಟೂಲ್ ಆಫ್‌ಸೆಟ್ ನಮ್ಮ ಕೈಯಲ್ಲೇ ತೆಗೆಸುತ್ತೀರಾ ಅಂತ ಕೇಳಿ. ಒಳಗೆ ಬಿಡೋದಿಲ್ಲ, ಆಫೀಸ್‌ನಲ್ಲೇ ವಿಡಿಯೊ ತೋರಿಸುತ್ತೇವೆ ಅಂದರೆ ದುಡ್ಡು ಕಟ್ಟಬೇಡಿ.