ಟ್ರೈನರ್ ಕೊಟ್ಟ ಪುಡಿ ಕುಡಿಯುವ ಮುಂಚೆ ಇದನ್ನೊಮ್ಮೆ ಓದಿ

ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವವರಿಗೆ, ಮುಂದೆ ಹಾಗೆ ಆಡಬೇಕು ಅಂದುಕೊಂಡ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಟೀಮಿನವರೇ ಕೊಟ್ಟರು ಅನ್ನುವ ಒಂದೇ ಕಾರಣಕ್ಕೆ ಯಾವ ಪುಡಿಯನ್ನೂ, ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ. ಏನಾದರೂ ಎಡವಟ್ಟಾದರೆ ಕೊಟ್ಟವರು ಕೈ ತೊಳೆದುಕೊಳ್ಳುತ್ತಾರೆ. ಡೋಪಿಂಗ್, ಅಂದರೆ ಉದ್ದೀಪನ ಮದ್ದು ತಗೊಂಡರು ಅನ್ನುವ ನಿಷೇಧ ಬೀಳುವುದು ನಿಮ್ಮ ಹೆಸರಿಗೆ. ನನಗೆ ಆಗಿದ್ದು ಅದೇ.

ನಾನು ಡಿಫೆಂಡರ್, ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದೆ. ಕ್ಲಬ್ಬಿನ ಹೆಸರು ಹೇಳುವುದಿಲ್ಲ, ಬಿಡುವಾಗ ಹೇಳುವುದಿಲ್ಲ ಅಂತ ಸಹಿ ಹಾಕಿ ಕೊಟ್ಟಿದ್ದೇನೆ. ಆ ಸೀಸನ್ನಿಗೆ ಹೊಸ ಫಿಟ್ನೆಸ್ ಟ್ರೈನರ್ ಬಂದಿದ್ದರು. ಒಳ್ಳೆ ಮಾತುಗಾರ. ಜಿಮ್ ಮುಗಿದ ಮೇಲೆ ಶೇಕರ್‌ಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದು ಚಮಚ ಪುಡಿ ಹಾಕಿ ಕೈಗೆ ಕೊಡುತ್ತಿದ್ದರು. ಆ ಪುಡಿ ಡಬ್ಬದಲ್ಲಿ ಬರುತ್ತಿರಲಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತಿತ್ತು, ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಸರ್, ಇದರಲ್ಲಿ ಏನೇನಿದೆ?" ಅಂತ ಕೇಳಿದೆ.

"ಎಲ್ಲಾ ಗಿಡಮೂಲಿಕೆ ಕಣಪ್ಪಾ. ಕೊಬ್ಬು ಕರಗುತ್ತೆ, ಸುಸ್ತಾಗಲ್ಲ. ನಾನಿಲ್ವಾ?"

ಟೀಮ್ ಡಾಕ್ಟರನ್ನೂ ಕೇಳಿದೆ. ಅದನ್ನೆಲ್ಲಾ ಟ್ರೈನರ್ ನೋಡಿಕೊಳ್ಳುತ್ತಾರೆ ಅಂದರು. ಒಬ್ಬ ಆಟಗಾರ ಇದಕ್ಕಿಂತ ಜಾಸ್ತಿ ಯಾರನ್ನು ಕೇಳಬೇಕು ಹೇಳಿ? ಆದರೆ ಈ ಎರಡೂ ಮಾತು ಬಾಯಲ್ಲಿ ಆಡಿದವು. ಮುಂದೆ ವಿಚಾರಣೆಯಲ್ಲಿ ಅವು ಇಲ್ಲವೇ ಇಲ್ಲ ಅನ್ನುವಂತೆ ಆಗಿಹೋದವು.

ಒಂದು ಪಂದ್ಯ ಮುಗಿದ ಮೇಲೆ ಚೀಟಿ ಎತ್ತಿದಾಗ ನನ್ನ ನಂಬರ್ ಬಂತು. ಡೋಪ್ ಟೆಸ್ಟ್ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೈದಾನದಿಂದ ಹೊರಬಂದ ಕ್ಷಣದಿಂದ ಒಬ್ಬರು ನಿಮ್ಮ ಬೆನ್ನು ಬಿಡುವುದಿಲ್ಲ. ತೊಂಬತ್ತು ನಿಮಿಷ ಬೆವರು ಸುರಿಸಿ ಬಂದ ಮೈ, ಮೂತ್ರ ಬರುವುದೇ ಇಲ್ಲ. ಸೀಲ್ ಇರುವ ನೀರಿನ ಬಾಟಲಿ ಕೊಡುತ್ತಾರೆ, ಕುಡಿಯುತ್ತಾ ಕೂರಬೇಕು. ಕನಿಷ್ಠ 90 ಎಂಎಲ್ ಮೂತ್ರ ಬೇಕು. ಕೊಡುವಾಗ ಅಧಿಕಾರಿ ಎದುರಿಗೇ ನಿಂತು ನೋಡುತ್ತಾರೆ, ನಾಚಿಕೆ ಗೀಚಿಕೆ ಅಲ್ಲಿ ನಡೆಯಲ್ಲ. ಆಮೇಲೆ ಅದನ್ನು ನೀವೇ ಎ ಮತ್ತು ಬಿ ಅನ್ನುವ ಎರಡು ಬಾಟಲಿಗೆ ಸುರಿದು, ಮುಚ್ಚಳ ತಿರುಗಿಸಿ ಸೀಲ್ ಮಾಡಬೇಕು. ಕಡೆಗೆ ಒಂದು ಫಾರಂ. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿ, ಪುಡಿ, ವಿಟಮಿನ್ ಎಲ್ಲಾ ಅದರಲ್ಲಿ ಬರೆಯಬೇಕು.

ಟ್ರೈನರ್ ಜೊತೆಗೇ ಬಂದಿದ್ದರು. ಪೆನ್ ಕೈಗೆ ತೆಗೆದುಕೊಂಡಾಗ ಪಿಸುಗುಟ್ಟಿದರು: "ಸುಮ್ನೆ ವಿಟಮಿನ್ ಅಂತ ಬರೀ ಸಾಕು."

ನಾನು ಹಾಗೆ ಬರೆಯಲಿಲ್ಲ. "ಟೀಮ್ ಟ್ರೈನರ್ ದಿನಾ ಕೊಡುವ ಗಿಡಮೂಲಿಕೆ ಪುಡಿ, ಹೆಸರು ಗೊತ್ತಿಲ್ಲ" ಅಂತ ಬರೆದೆ. ಈ ಒಂದು ಸಾಲು ಮುಂದೆ ನನ್ನ ಕೈ ಹಿಡಿಯಿತು. ಈ ಬರಹದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಫಾರಂನಲ್ಲಿ ಯಾವುದನ್ನೂ ಬಿಡಬೇಡಿ. ಪಕ್ಕದಲ್ಲಿ ಯಾರು ಏನು ಪಿಸುಗುಟ್ಟಿದರೂ ಸರಿ.

ವರದಿಯಲ್ಲಿ ಬಂದ ಹೆಸರು ಹೈಜೆನಮೈನ್. ನಾನು ಆವರೆಗೆ ಕೇಳಿರಲೇ ಇಲ್ಲ. ಇದು ಕೆಲವು ಗಿಡಗಳಲ್ಲಿ ತಾನಾಗಿಯೇ ಇರುವ ಪದಾರ್ಥ. ತಾವರೆ ಬೀಜದ ಒಳಗಿನ ಹಸಿರು ಮೊಳಕೆಯಲ್ಲೂ ಇದೆ. ಉದ್ದೀಪನ ಮದ್ದಿನ ಮೇಲೆ ಕಣ್ಣಿಡುವ ಜಾಗತಿಕ ಸಂಸ್ಥೆ ವಾಡಾ 2017ರಿಂದ ತನ್ನ ನಿಷೇಧಿತ ಪಟ್ಟಿಯಲ್ಲಿ ಇದನ್ನು ಹೆಸರು ಹೇಳಿಯೇ ಸೇರಿಸಿದೆ. ಪಂದ್ಯದ ದಿನ ಮಾತ್ರ ಅಲ್ಲ, ವರ್ಷಪೂರ್ತಿ ನಿಷೇಧ. ಡಬ್ಬದ ಮೇಲೆ "ತಾವರೆ ಸಾರ" ಅಂತ ಇದ್ದರೆ ಯಾರಿಗೆ ಅನುಮಾನ ಬರುತ್ತದೆ? ಗಿಡಮೂಲಿಕೆ ಅಂದರೆ ಅಪಾಯ ಇಲ್ಲ ಅನ್ನುವುದನ್ನು ಇವತ್ತೇ ತಲೆಯಿಂದ ತೆಗೆದುಹಾಕಿ.

ಇದೇ ಪದಾರ್ಥದಿಂದ ಲಿವರ್‌ಪೂಲ್ ಡಿಫೆಂಡರ್ ಮಮದೂ ಸಾಖೋ 2016ರಲ್ಲಿ ಸಿಕ್ಕಿಬಿದ್ದರು. ಕೊಬ್ಬು ಕರಗಿಸುವ ಮಾತ್ರೆಯಿಂದ ಬಂದದ್ದು ಅದು. ಮೂವತ್ತು ದಿನ ತಾತ್ಕಾಲಿಕ ಅಮಾನತಾಯಿತು. ಯುರೋಪಾ ಲೀಗ್ ಫೈನಲ್ ತಪ್ಪಿತು. ತಮ್ಮದೇ ದೇಶ ಫ್ರಾನ್ಸಿನಲ್ಲಿ ನಡೆದ ಯೂರೋ ಕಪ್ಪೂ ತಪ್ಪಿತು. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾ ಪ್ರಕರಣವನ್ನೇ ಕೈಬಿಟ್ಟಿತು, ಏಕೆಂದರೆ ಆಗಿನ ಪಟ್ಟಿಯಲ್ಲಿ ಅದು ಸೇರಿದೆ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. 2020ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಸರಿ, ಕೊಟ್ಟಿತು. ಆ ಫೈನಲ್ಲನ್ನು ಯಾರು ವಾಪಸ್ ಕೊಡುತ್ತಾರೆ?

ನನ್ನ ಹೊತ್ತಿಗೆ ಆ ದಾರಿಯೂ ಮುಚ್ಚಿತ್ತು. ಡೋಪಿಂಗ್ ನಿಯಮದ ತಿರುಳು ಇಷ್ಟೇ: ನಿಮ್ಮ ದೇಹದಲ್ಲಿ ಸಿಕ್ಕಿತೋ, ಹೊಣೆ ನಿಮ್ಮದು. ಬೇಕಂತ ತಿಂದಿರೋ, ಗೊತ್ತಿಲ್ಲದೆ ತಿಂದಿರೋ, ಅದೆಲ್ಲ ಶಿಕ್ಷೆ ಎಷ್ಟು ಅನ್ನುವಾಗ ಬರುವ ಮಾತು. ತಪ್ಪು ನಡೆದಿದೆಯಾ ಅನ್ನುವ ಪ್ರಶ್ನೆಗೆ ಲ್ಯಾಬ್ ಆಗಲೇ ಉತ್ತರ ಕೊಟ್ಟಿರುತ್ತದೆ. ಈ ನಿಯಮ ಯಾಕಿದೆ ಅಂತ ನನಗೂ ಅರ್ಥವಾಗುತ್ತದೆ. ಇಲ್ಲದಿದ್ದರೆ ಪ್ರತಿಯೊಬ್ಬ ಕಳ್ಳನೂ "ನಂಗೊತ್ತಿರ್ಲಿಲ್ಲ" ಅಂದುಬಿಡುತ್ತಿದ್ದ. ಆದರೆ ಗೊತ್ತಿಲ್ಲದವನ ಗತಿ ಏನಾಗುತ್ತದೆ ಅಂತ ಒಳಗೆ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ.

ಹೈಜೆನಮೈನ್ ತರದವಕ್ಕೆ ಲೆಕ್ಕ ಶುರುವಾಗುವುದು ಎರಡು ವರ್ಷದಿಂದ. ಅದು ಮೈಯೊಳಗೆ ಹೇಗೆ ಬಂತು ಅಂತ ನೀವು ತೋರಿಸಿ, ನಿಮ್ಮ ಪಾಲಿನ ತಪ್ಪು ದೊಡ್ಡದಲ್ಲ ಅಂತ ಒಪ್ಪಿಸಿದರೆ ಶಿಕ್ಷೆ ಇಳಿಯುತ್ತದೆ. ಬರೀ ಎಚ್ಚರಿಕೆಯವರೆಗೂ ಇಳಿಯಬಹುದು. ಗಮನಿಸಿ, ತೋರಿಸಬೇಕಾದವರು ನೀವು. ಪುಡಿಯ ಕವರ್ ಎಲ್ಲಿದೆ? ಟ್ರೈನರ್ ಅಷ್ಟರಲ್ಲಿ ಎಲ್ಲವನ್ನೂ ಎತ್ತಿಹಾಕಿದ್ದರು. ಕೇಳಿದಾಗ "ನಾನು ಕೊಟ್ಟದ್ದು ಗ್ಲೂಕೋಸ್" ಅಂದರು. ನನ್ನ ಜೊತೆ ಅದನ್ನೇ ಕುಡಿದ ಟೀಮಿನ ಹುಡುಗರು ಬಾಯಿ ಬಿಡಲಿಲ್ಲ. ಅವರನ್ನು ಬೈಯುವುದಿಲ್ಲ, ಅವರ ಒಪ್ಪಂದವೂ ಅದೇ ಕ್ಲಬ್ಬಿನ ಕೈಯಲ್ಲಿತ್ತು. ಇಂಥ ಪದಾರ್ಥಕ್ಕೆ ಕೂಡಲೇ ಅಮಾನತು ಮಾಡಲೇಬೇಕು ಅಂತ ನಿಯಮ ಇಲ್ಲ. ಆದರೂ ಕ್ಲಬ್ ಮರುದಿನವೇ ನನ್ನನ್ನು ಹೊರಗಿಟ್ಟು ಸಂಬಳ ನಿಲ್ಲಿಸಿತು.

ಕಡೆಗೆ ಸಾಮಾನಿನ ಕೋಣೆ ನೋಡಿಕೊಳ್ಳುವ ಹಿರಿಯರೊಬ್ಬರು, ಪುಡಿಯನ್ನು ಕವರಿಗೆ ಸುರಿದು ಬಿಸಾಡಿದ್ದ ಒಂದು ಖಾಲಿ ಡಬ್ಬವನ್ನು ಕಸದಿಂದ ಎತ್ತಿಟ್ಟಿದ್ದರು, ಅದನ್ನು ತಂದುಕೊಟ್ಟರು. ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ತಾವರೆಯ ಸಸ್ಯಶಾಸ್ತ್ರದ ಹೆಸರು ಇತ್ತು. ತಳದಲ್ಲಿ ಅಂಟಿಕೊಂಡಿದ್ದ ಪುಡಿಯನ್ನು ಪರೀಕ್ಷೆಗೆ ಕಳಿಸಿದೆವು, ಅದೇ ಸಿಕ್ಕಿತು. ಇನ್ನೇನು ಬಚಾವಾದೆ ಅಂದುಕೊಂಡರೆ ವಿಚಾರಣಾ ಮಂಡಳಿ ಇನ್ನೊಂದು ಹೇಳಿತು. ಲೇಬಲ್ಲಿನಲ್ಲಿ ಗಿಡದ ಹೆಸರು ಇದೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ, ಹಾಗಾಗಿ ಇದು ಲೇಬಲ್ಲಿನಲ್ಲಿ ಇಲ್ಲದ್ದು ಬೆರೆತ ಕಲಬೆರಕೆ ಅಲ್ಲ. ಕೈಗೆ ಲೇಬಲ್ಲೇ ಬರದವನು ಏನನ್ನು ಹುಡುಕಬೇಕಿತ್ತು ಅಂತ ನಮ್ಮ ವಕೀಲರು ಕೇಳಿದರು. ಆ ಮಾತಿಗೂ, ಫಾರಂನಲ್ಲಿ ಬರೆದ ಸಾಲಿಗೂ ಸೇರಿ ಎರಡು ವರ್ಷದ ಶಿಕ್ಷೆ ಆರು ತಿಂಗಳಿಗೆ ಇಳಿಯಿತು. ಟ್ರೈನರ್ ಮೇಲೆ ಪ್ರಕರಣ ಹಾಕಲು ನಿಯಮದಲ್ಲಿ ಅವಕಾಶ ಇದೆ. ಸಾಕ್ಷಿ ಸಾಲದು ಅಂತ ಬಿಟ್ಟರು. ಈಗ ಅವರು ಬೇರೆ ಟೀಮಿನಲ್ಲಿದ್ದಾರೆ.

ನನ್ನ ನಿಷೇಧದ ಅವಧಿಯಲ್ಲೇ ನಮ್ಮ ಟೀಮಿನ ಕೊನೆಯ ಪಂದ್ಯ ಇತ್ತು. ನಾನು ಟಿಕೆಟ್ ತಗೊಂಡು ಗ್ಯಾಲರಿಯಲ್ಲಿ ಕೂತಿದ್ದೆ. ಡ್ರಾ ಆಗಿದ್ದರೂ ಲೀಗಿನಲ್ಲಿ ಉಳಿಯುತ್ತಿದ್ದೆವು. ನಮ್ಮ ಹುಡುಗ ಹೆಡ್ ಮಾಡಿದ ಚೆಂಡು ಅಡ್ಡಕಂಬಕ್ಕೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು. ನಮ್ಮ ಲೀಗಿನಲ್ಲಿ ವಿಎಆರ್ (ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇಲ್ಲ, ಚೆಂಡು ಗೆರೆ ದಾಟಿತಾ ಅಂತ ಹೇಳುವ ಗೋಲ್ ಲೈನ್ ತಂತ್ರಜ್ಞಾನವೂ ಇಲ್ಲ. ಲೈನ್ಸ್‌ಮನ್ ಧ್ವಜ ಎತ್ತಲಿಲ್ಲ, ರೆಫರಿ ಆಟ ಮುಂದುವರಿಸಿ ಅಂದರು. ಟೀಮ್ ಕೆಳಗಿನ ದರ್ಜೆಗೆ ಇಳಿಯಿತು. ಕ್ಲಬ್ ವಿಡಿಯೋ ಸಮೇತ ದೂರು ಕೊಟ್ಟಿತು. ಬಂದ ಉತ್ತರ ಎರಡು ಸಾಲಿನದು: ಆಟದ ನಿಯಮ 5ರ ಪ್ರಕಾರ ಗೋಲು ಆಯಿತೋ ಇಲ್ಲವೋ ಅನ್ನುವ ವಿಷಯದಲ್ಲಿ ರೆಫರಿ ತೀರ್ಮಾನವೇ ಅಂತಿಮ. ರೆಫರಿಯಿಂದ ತಪ್ಪಾಗಿರಬಹುದು, ಮನುಷ್ಯರಲ್ವಾ.

ಹೌದು, ಮನುಷ್ಯರೇ. ನಾನೂ ಮನುಷ್ಯನೇ ಅಂತ ಮಂಡಳಿಯ ಮುಂದೆ ಎಷ್ಟು ಸಲ ಹೇಳಿದ್ದೆನೋ.

ದೊಡ್ಡ ಲೀಗುಗಳಲ್ಲೂ ಇದು ಬೇರೆ ರೀತಿ ಇಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಆಫ್‌ಸೈಡ್ ಅಂತ ಕೊಡಲಿಲ್ಲ. ವಿಎಆರ್ ಕೋಣೆಯಲ್ಲಿ ಕೂತವರು ಗೆರೆ ಎಳೆದು ನೋಡಿದರು, ಆಫ್‌ಸೈಡ್ ಇರಲಿಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂತಲೇ ಅಂದುಕೊಂಡು "ಪರಿಶೀಲನೆ ಮುಗಿಯಿತು" ಅಂದುಬಿಟ್ಟರು. ಕೆಲವೇ ಸೆಕೆಂಡಿನಲ್ಲಿ ಎಡವಟ್ಟು ಗೊತ್ತಾಯಿತು. ಅಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ರೆಫರಿಗಳ ಸಂಸ್ಥೆ ದೊಡ್ಡ ಮಾನವ ದೋಷ ಅಂತ ಒಪ್ಪಿಕೊಂಡಿತು. ಫಲಿತಾಂಶ ಹಾಗೇ ಉಳಿಯಿತು.

ರೆಫರಿಗಳಿಗೂ ಎರಡು ವರ್ಷ ನಿಷೇಧ ಹಾಕಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಸೀಟಿ ಊದಲು ಯಾರೂ ಬರುವುದಿಲ್ಲ. ಪ್ರತಿ ತಪ್ಪಿಗೂ ಪಂದ್ಯ ಮತ್ತೆ ಆಡಿಸುತ್ತಾ ಕೂತರೆ ಸೀಸನ್ ಮುಗಿಯುವುದೂ ಇಲ್ಲ. ನಾನು ಹೇಳುವುದು ಇಷ್ಟೇ. ಈ ಆಟದಲ್ಲಿ "ಗೊತ್ತಿಲ್ಲದೆ ಆಯಿತು" ಅನ್ನುವ ರಿಯಾಯಿತಿ ಎಲ್ಲರಿಗೂ ಇದೆ, ಆಟಗಾರನಿಗೆ ಮಾತ್ರ ಇಲ್ಲ. ನ್ಯಾಯ ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಪುರಾವೆ ಮೊದಲೇ ಕೂಡಿಟ್ಟುಕೊಳ್ಳಿ.

ಸಂಸ್ಥೆಗಳು ನಿಮ್ಮ ಪರ ಇರುತ್ತವೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ 2008ರಲ್ಲಿ ಸ್ಟಾರ್‌ಕ್ಯಾಪ್ಸ್ ಅನ್ನುವ ತೂಕ ಇಳಿಸುವ ಮಾತ್ರೆಯ ಪ್ರಕರಣ ನಡೆಯಿತು. ಅದರಲ್ಲಿ ಬ್ಯುಮೆಟನೈಡ್ ಅನ್ನುವ ಮೂತ್ರ ಹೆಚ್ಚಿಸುವ ಔಷಧಿ ಇತ್ತು, ಲೇಬಲ್ಲಿನಲ್ಲಿ ಇರಲಿಲ್ಲ. ಆ ಆಟದ ಲೀಗ್ ಎನ್‌ಎಫ್‌ಎಲ್‌ಗೆ ಆ ವಿಷಯ ಮೊದಲೇ ಗೊತ್ತಿತ್ತು, ಆದರೆ ಆ ಮಾತ್ರೆಯ ಹೆಸರು ಹೇಳಿ ಆಟಗಾರರನ್ನು ಎಚ್ಚರಿಸಿರಲಿಲ್ಲ. ಸಿಕ್ಕಿಬಿದ್ದವರಿಗೆ ನಾಲ್ಕು ಪಂದ್ಯದ ಅಮಾನತು ಹಾಕಿತು. ಮಿನೆಸೋಟ ವೈಕಿಂಗ್ಸ್‌ನ ಕೆವಿನ್ ವಿಲಿಯಮ್ಸ್ ಮತ್ತು ಪ್ಯಾಟ್ ವಿಲಿಯಮ್ಸ್ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆದರು.

ಮೇಲ್ಮನವಿ ಹಾಕಿದರೆ ಕಡಿಮೆಯಾಗುತ್ತದೆ ಅನ್ನುವುದೂ ಅರ್ಧ ಸತ್ಯ. ಫ್ರಾನ್ಸಿನ ಆಟಗಾರ ಪಾಲ್ ಪೊಗ್ಬಾ ಅವರ ನಾಲ್ಕು ವರ್ಷದ ನಿಷೇಧ 2024ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯದಲ್ಲಿ 18 ತಿಂಗಳಿಗೆ ಇಳಿಯಿತು, ನಿಜ. ಆದರೂ ಅವರ ಕ್ಲಬ್ ಯುವೆಂಟಸ್ ಅವರನ್ನು ಉಳಿಸಿಕೊಳ್ಳಲಿಲ್ಲ. ಪೆರುವಿನ ನಾಯಕ ಪಾವೊಲೊ ಗೆರೆರೊ ಅವರ ಕತೆ ಉಲ್ಟಾ. ಮೈಯಲ್ಲಿ ಸಿಕ್ಕಿದ್ದು ಕೋಕಾ ಎಲೆ (ಕೊಕೇನ್ ತೆಗೆಯುವ ಎಲೆ) ಸೇರಿದ ಚಹಾದಿಂದ ಬಂದದ್ದು ಅಂತ ಅವರ ವಾದ. ಫಿಫಾ ಒಂದು ವರ್ಷವನ್ನು ಆರು ತಿಂಗಳಿಗೆ ಇಳಿಸಿತ್ತು. ವಾಡಾ ಮೇಲ್ಮನವಿ ಹಾಕಿತು, 2018ರಲ್ಲಿ ಅದೇ ಲೊಸಾನ್ ನ್ಯಾಯಾಲಯ ಅದನ್ನು 14 ತಿಂಗಳಿಗೆ ಏರಿಸಿತು. ವಿಶ್ವಕಪ್‌ನಲ್ಲಿ ಎದುರಾಗಬೇಕಿದ್ದ ಫ್ರಾನ್ಸ್, ಡೆನ್ಮಾರ್ಕ್, ಆಸ್ಟ್ರೇಲಿಯಾ ತಂಡಗಳ ನಾಯಕರೇ ಅವರ ಪರ ಫಿಫಾಗೆ ಪತ್ರ ಬರೆದರು. ಸ್ವಿಸ್ ಕೋರ್ಟು ತಾತ್ಕಾಲಿಕ ತಡೆ ಕೊಟ್ಟಿದ್ದರಿಂದ ವಿಶ್ವಕಪ್ ಆಡಿದರು, ಬಂದ ಮೇಲೆ ಉಳಿದ ನಿಷೇಧ ಮುಗಿಸಬೇಕಾಯಿತು.

ಮನೆಯೊಳಗೂ ಹುಷಾರು. ಗೋಲ್‌ಕೀಪರ್ ಆಂದ್ರೆ ಒನಾನಾ 2020ರಲ್ಲಿ ಹೆಂಡತಿಯ ಮಾತ್ರೆಯನ್ನು ತಪ್ಪಿ ನುಂಗಿ ಒಂಬತ್ತು ತಿಂಗಳು ಹೊರಗೆ ಕೂತರು, ಮೊದಲು ಬಿದ್ದದ್ದು ಹನ್ನೆರಡು. ಅರ್ಜೆಂಟೀನಾದ ಪಾಪು ಗೊಮೆಸ್ ಮಗನ ಕೆಮ್ಮಿನ ಸಿರಪ್ ಕುಡಿದೆ ಅಂದರು, ಬಿದ್ದದ್ದು ಎರಡು ವರ್ಷ.

ನಾನು ಈಗ ಏನು ಮಾಡುತ್ತೇನೆ ಅಂತ ಕೆಲವರು ಕೇಳಿದ್ದಾರೆ. ಬಾಯಿಮಾತಲ್ಲಿ ಏನನ್ನೂ ಕೇಳುವುದಿಲ್ಲ, ಡಾಕ್ಟರಿಗೂ ಟ್ರೈನರಿಗೂ ಮೆಸೇಜ್ ಹಾಕುತ್ತೇನೆ. ಉತ್ತರ ಬರಹದಲ್ಲಿ ಬಾರದಿದ್ದರೆ ಮುಟ್ಟುವುದಿಲ್ಲ. ಸೀಲ್ ಒಡೆದ ಡಬ್ಬ ಬೇಡವೇ ಬೇಡ. ಯಾವುದನ್ನೇ ತಗೊಂಡರೂ ಲೇಬಲ್ ಮತ್ತು ಬ್ಯಾಚ್ ನಂಬರಿನ ಫೋಟೋ ತೆಗೆದಿಡುತ್ತೇನೆ, ಅದೇ ಬ್ಯಾಚಿನ ಇನ್ನೊಂದು ಡಬ್ಬ ಒಡೆಯದೆ ಎತ್ತಿಡುತ್ತೇನೆ. ನಾಳೆ ಪರೀಕ್ಷೆಗೆ ಕಳಿಸಲು ಅದೇ ಬೇಕು. ಲೇಬಲ್ಲಿನಲ್ಲಿ ಗಿಡದ ಹೆಸರಿದ್ದರೆ ಅದರಲ್ಲಿ ಏನೇನಿದೆ ಅಂತ ಹುಡುಕುತ್ತೇನೆ. ವಾಡಾದ ನಿಷೇಧಿತ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಬದಲಾಗುತ್ತದೆ. ನೋವಿಗೆ ಜಾಸ್ತಿ ಜನ ನುಂಗುತ್ತಿದ್ದ ಟ್ರಮಡಾಲ್ 2024ರಿಂದ ಪಂದ್ಯದ ಹೊತ್ತಿನಲ್ಲಿ ನಿಷಿದ್ಧ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಕಾಯಿಲೆಗೆ ಪಟ್ಟಿಯಲ್ಲಿರುವ ಔಷಧಿಯೇ ಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯುವ ದಾರಿ ಇದೆ. ಎ ಬಾಟಲಿಯಲ್ಲಿ ಏನಾದರೂ ಸಿಕ್ಕಿತು ಅಂತ ಪತ್ರ ಬಂದರೆ, ಬಿ ಬಾಟಲಿ ತೆರೆಸುವ ಹಕ್ಕು ನಿಮಗಿದೆ, ತೆರೆಯುವಾಗ ನಿಮ್ಮವರು ಅಲ್ಲಿರಬಹುದು. ಆ ಪತ್ರದಲ್ಲಿರುವ ಗಡುವು ದಾಟಿಸಿದರೆ ಹಕ್ಕು ಬಿಟ್ಟುಕೊಟ್ಟಂತೆ.

ಇನ್ನೊಂದು ವಿಷಯ, ಇದನ್ನು ನನಗೆ ವಕೀಲರು ಹೇಳದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಿಷೇಧದಲ್ಲಿ ಇರುವಾಗ ಟೀಮಿನ ಜೊತೆ ಅಭ್ಯಾಸವನ್ನೂ ಮಾಡುವಂತಿಲ್ಲ. ಕೊನೆಯ ಎರಡು ತಿಂಗಳು ಅಥವಾ ಒಟ್ಟು ಅವಧಿಯ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ಬಿಡುತ್ತಾರೆ. ಫೆಡರೇಶನ್ನಿಗೆ ಸೇರಿದ ಯಾವ ಕ್ಲಬ್ ನಡೆಸುವ ಸ್ನೇಹದ ಪಂದ್ಯವೂ ಬೇಡ, ಬೇರೆ ಆಟದಲ್ಲೂ ಅಷ್ಟೇ. ಸಿಕ್ಕಿಬಿದ್ದರೆ ಮೊದಲಿನಷ್ಟೇ ಉದ್ದದ ಇನ್ನೊಂದು ನಿಷೇಧ ಅದರ ಮೇಲೆ ಸೇರುತ್ತದೆ. ಹಳೆ ಗೆಳೆಯರು "ಬಾರೋ, ಸುಮ್ನೆ ಅರ್ಧ ಗಂಟೆ" ಅಂತ ಕರೆದಾಗ ನಾನು ಹೋಗಲಿಲ್ಲ. ನಿಮ್ಮನ್ನೂ ಕರೆಯುತ್ತಾರೆ, ಹೋಗಬೇಡಿ.