ಲಿಂಗಸುಗೂರು ಕಡೆ ಕೋರ್ ಡ್ರಿಲ್ಲಿಂಗ್ ಮಾಡಿದ ಗುತ್ತಿಗೆದಾರರು: ಕೆಲಸ ಹೇಗಿತ್ತು?

ಹಟ್ಟಿ ಚಿನ್ನದ ಗಣಿ ಇರೋ ತಾಲೂಕಿನಲ್ಲೇ ನಮ್ಮ ಸೈಟ್. ಚಿನ್ನ ಹುಡುಕಲು ನೆಲದಾಳದ ಕಲ್ಲನ್ನು ಉದ್ದನೆ ಕಂಬಿಯ ಹಾಗೆ ಕೊರೆದು ತೆಗೆಸುತ್ತಿದ್ದೆವು, ಆ ಕಂಬಿಯೇ ಕೋರ್. ನಾನು ಅಲ್ಲಿನ ಜಿಯಾಲಜಿಸ್ಟ್. ಗುತ್ತಿಗೆದಾರರ ಹೆಸರು ಹಾಕುವುದಿಲ್ಲ, ಬಿಲ್ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ.

ಹಗಲು ಪಾಳಿಯ ಡ್ರಿಲ್ಲರ್‌ಗೆ ಹತ್ತಕ್ಕೆ ಒಂಬತ್ತು. ಕಣ್ಣು ಗೇಜ್ ಮೇಲೆ, ಕಿವಿ ಎಂಜಿನ್ ಮೇಲೆ. ಮೇಲೆ ಬರೋ ನೀರಿನ ಬಣ್ಣ ಬದಲಾದ್ರೆ ಸಾಕು, "ಸರ, ಒಳಗ ಮೆತ್ತಗದ, ಅರ್ಧ ಮೀಟರಿಗೇ ಎತ್ತೋಣ" ಅನ್ನುತ್ತಿದ್ದರು. ವೈರ್‌ಲೈನ್ ಆದ್ದರಿಂದ ರಾಡ್‌ಗಳನ್ನೆಲ್ಲ ಬಿಚ್ಚಬೇಕಿಲ್ಲ, ಒಳಗಿನ ಟ್ಯೂಬ್ ಮಾತ್ರ ಹಗ್ಗದಲ್ಲಿ ಮೇಲೆ ಬರುತ್ತದೆ. 47.6 ಮಿ.ಮೀ. ದಪ್ಪದ, ಎನ್‌ಕ್ಯೂ ಅನ್ನೋ ಅಳತೆಯ ಕೋರ್, ಬಾಕ್ಸಿನಲ್ಲಿ ತುಂಡು ತುಂಡಿಗೆ ಹೊಂದಿಕೊಂಡು ಕೂರುತ್ತಿತ್ತು.

ರಾತ್ರಿ ಪಾಳಿ ಬೇರೆಯೇ ಕಥೆ. ಮೀಟರಿಗಿಷ್ಟು ಅಂತ ದುಡ್ಡು ಸಿಗೋದು, ಅಲ್ವಾ? ಪುಡಿಪುಡಿಯಾದ ಕಲ್ಲಿನಲ್ಲೂ 3 ಮೀಟರ್ ಒಂದೇ ಉಸಿರಿಗೆ ಇಳಿಸಿದರು. ಬಾಕ್ಸಿಗೆ ಬಂದದ್ದು ಎರಡು ಮೀಟರೂ ಇಲ್ಲ, ಉಳಿದದ್ದು ನೀರಿನ ಜೊತೆ ಕೊಚ್ಚಿಹೋಗಿತ್ತು. ಈ ಭಾಗದಲ್ಲಿ ಚಿನ್ನ ಸಿಗುವುದೇ ಸ್ಫಟಿಕದ ಎಳೆ ಮತ್ತು ಅದರ ಪಕ್ಕದ ಜಜ್ಜಿದ ಕಲ್ಲಿನಲ್ಲಿ. ಅದೇ ಹೋದ ಮೇಲೆ ಆಳದ ಲೆಕ್ಕ ಇಟ್ಟುಕೊಂಡು ಏನು ಮಾಡೋದು?

ಗುತ್ತಿಗೆದಾರರ ಆಫೀಸಿನವರು ಕಳಿಸಿದ ಬಿಟ್‌ಗಳೂ, ಅಂದರೆ ಕಲ್ಲು ಕೊರೆಯೋ ತುದಿಗಳೂ ತಪ್ಪು. ವಜ್ರದ ಬಿಟ್ ಅಂದ ಮಾತ್ರಕ್ಕೆ ಎಲ್ಲ ಕಲ್ಲಿಗೂ ಆಗುವುದಿಲ್ಲ. ಗಟ್ಟಿ ಕಲ್ಲಿಗೆ ಮೆತ್ತನೆ ಮ್ಯಾಟ್ರಿಕ್ಸ್ (ವಜ್ರದ ಚೂರುಗಳನ್ನು ಹಿಡಿದಿರೋ ಲೋಹ) ಬೇಕು, ಅದು ಸವೆದರೇ ಹೊಸ ವಜ್ರ ಹೊರಗೆ ಬರೋದು. ಇವರದು ಗಟ್ಟಿ ಮ್ಯಾಟ್ರಿಕ್ಸ್. ಬಿಟ್ ಕನ್ನಡಿ ಥರ ಹೊಳೆಯಿತು, ಕಲ್ಲು ಮಾತ್ರ ಕದಲಲಿಲ್ಲ.

ಆರ್‌ಸಿ (ರಿವರ್ಸ್ ಸರ್ಕ್ಯುಲೇಷನ್, ಕೋರ್ ಬದಲು ಕಲ್ಲನ್ನು ಚೂರು ಮಾಡಿ ತೆಗೆಯೋ ಡ್ರಿಲ್ಲಿಂಗ್) ಮಾಡಿಸಿದ್ರೆ ಅಗ್ಗ ಆಗ್ತಿರಲಿಲ್ವಾ ಅಂತ ಕೇಳುವವರಿದ್ದಾರೆ. ಆಗ್ತಿತ್ತು. ಗಾಳಿಯ ಒತ್ತಡಕ್ಕೆ ಚೂರುಗಳು ಬೇಗ ಮೇಲೆ ಬರುತ್ತವೆ, ಮೀಟರಿಗೊಂದು ಚೀಲ. ಆದರೆ ಎಳೆ ಯಾವ ಕೋನಕ್ಕೆ ಹಾಯ್ದಿದೆ ಅಂತ ಚೂರು ನೋಡಿ ಹೇಳಕ್ಕಾಗಲ್ಲ. ನಮಗೆ ಬೇಕಿದ್ದದ್ದು ಅದೇ.

ಇನ್ನೊಂದು ದೂರು: ರಿಗ್ (ಕೊರೆಯೋ ಯಂತ್ರ) ಹೋದ ಮೇಲೂ ಬೆಂಟೋನೈಟ್ (ಕೊರೆಯುವಾಗ ನೀರಿಗೆ ಬೆರೆಸೋ ಜೇಡಿಮಣ್ಣು) ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು. ಹೊಲದವರು ಮೊದಲು "ನೀರು ಬಿತ್ತೇನ್ರೀ?" ಅಂತ ಕೇಳುತ್ತಿದ್ದರು, ಆಮೇಲೆ "ಗುಂಡಿ ಯಾವಾಗ ಮುಚ್ತೀರಿ?" ಅನ್ನತೊಡಗಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ನಾವೇ ಜೆಸಿಬಿ ತರಿಸಿ ಮುಚ್ಚಿಸಿದೆವು.

ಮತ್ತೆ ಕರೆಯುತ್ತೀರಾ ಅಂದ್ರೆ, ಆ ಹಗಲು ಡ್ರಿಲ್ಲರ್ ಬರುವುದಾದರೆ ಕರೆಯುತ್ತೇನೆ. ನೀವು ಕರೆಯೋದಾದರೆ, ಕೋರ್ ಇಷ್ಟು ಪರ್ಸೆಂಟ್‌ಗಿಂತ ಕಮ್ಮಿ ಬಂದ್ರೆ ಆ ಮೀಟರಿಗೆ ದುಡ್ಡಿಲ್ಲ ಅಂತ ಕರಾರಿನಲ್ಲೇ ಬರೆಸಿ.