ಆಂಟಿಬಯೋಟಿಕ್ ಬಗ್ಗೆ ದೂರದ ತಜ್ಞರನ್ನು ಕೇಳುವುದು: ಫೋನಾ, ಮೆಸೇಜಾ, ವಿಡಿಯೊನಾ?

ನಾನು ವಿರಾಜಪೇಟೆ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್. ಸೋಂಕು ರೋಗಗಳ ತಜ್ಞರು ನಮ್ಮಲ್ಲಿಲ್ಲ. ಮೈಸೂರು ನೂರು ಕಿಲೋಮೀಟರ್ ದೂರ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಅದೂ ಮುಗಿಯಿತು. ಹಾಗಾಗಿ ಯಾವ ಔಷಧ, ಎಷ್ಟು ದಿನ ಅಂತ ದೂರದಿಂದಲೇ ಕೇಳಬೇಕು. ಎರಡು ಮಳೆಗಾಲದಲ್ಲಿ ಮೂರು ದಾರಿ ಬಳಸಿ ನೋಡಿದ್ದೇನೆ.

ಮೊದಲು ಫೋನ್. ಜುಲೈ ತಿಂಗಳ ಒಂದು ರಾತ್ರಿ ತೋಟದ ಕಾರ್ಮಿಕರೊಬ್ಬರು ಬಂದರು. ಐದು ದಿನದ ಜ್ವರ, ಪ್ಲೇಟ್‌ಲೆಟ್ ಕಡಿಮೆ. ಬೇರೆ ಕಡೆ ಎರಡು ದಿನ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ತಜ್ಞರು ಕೇಳಿದ ಮೊದಲ ಪ್ರಶ್ನೆಯೇ, "ಮೈಯೆಲ್ಲ ನೋಡಿದ್ರಾ? ಕಂಕುಳು, ತೊಡೆ ಸಂದು?" ಟಾರ್ಚ್ ಹಿಡಿದು ಹೋಗಿ ನೋಡಿದರೆ ತೊಡೆ ಸಂದಿನಲ್ಲಿ ಕಪ್ಪು ಹಕ್ಕಳೆ. ಸ್ಕ್ರಬ್ ಟೈಫಸ್. ಪೊದೆಗಳಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಈ ಕಾಯಿಲೆಗೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟೆವು, ಎರಡು ದಿನದಲ್ಲಿ ಜ್ವರ ಇಳಿಯಿತು. ಎದುರಿಗೆ ಕೂತು ಮಾತಾಡಿದ ಹಾಗೆ ಪ್ರಶ್ನೆಗೆ ಪ್ರಶ್ನೆ ಬೆಳೆಯುವುದು ಫೋನಿನಲ್ಲಿ ಮಾತ್ರ.

ಆದರೆ ಫೋನಿನ ಮಾತು ಕೇಸ್ ಶೀಟಿಗೆ ಬರುವುದಿಲ್ಲ. ತಜ್ಞರು ಏನು ಹೇಳಿದರು, ಯಾಕೆ ಹೇಳಿದರು ಅಂತ ಬೆಳಗಿನ ಡ್ಯೂಟಿಯವರಿಗೆ ಗೊತ್ತಾಗುವುದಿಲ್ಲ. ಒಮ್ಮೆ ಗಡಿಬಿಡಿಯಲ್ಲಿ ರೋಗಿಯ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಹೇಳುವುದನ್ನೇ ಮರೆತೆ. ಕಿಡ್ನಿ ಸೋತವರಿಗೆ ಕಡಿಮೆ ಕೊಡಬೇಕಾದ ವ್ಯಾಂಕೋಮೈಸಿನ್ (ಇದೂ ಆಂಟಿಬಯೋಟಿಕ್) ಪೂರ್ತಿ ಡೋಸ್ ಹೋಯಿತು. ಮರುದಿನ ಕಣ್ಣಿಗೆ ಬಿತ್ತು. ಈಗಲೂ ನೆನೆಸಿಕೊಂಡರೆ ಬೇಜಾರು.

ವಾಟ್ಸಾಪ್ ಮೆಸೇಜಿಗೆ ಬಂದಿದ್ದು ಆಮೇಲೆ. ವಯಸ್ಸು, ತೂಕ, ಎಷ್ಟನೇ ದಿನದ ಜ್ವರ, ಈಗಾಗಲೇ ಕೊಟ್ಟ ಔಷಧ, ಕ್ರಿಯಾಟಿನಿನ್, ಅಲರ್ಜಿ, ಕಲ್ಚರ್ ರಿಪೋರ್ಟ್ (ಯಾವ ರೋಗಾಣು ಬೆಳೆಯಿತು, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ): ಇದೇ ಕ್ರಮದಲ್ಲಿ ಬರೆಯುತ್ತೇವೆ, ರೋಗಿಯ ಹೆಸರು ಮುಚ್ಚಿ. ಬರೆಯುವಾಗಲೇ ಬಿಟ್ಟಿದ್ದು ಏನು ಅಂತ ಗೊತ್ತಾಗುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಮೆಸೇಜ್ ಹೇಗೋ ಹೋಗುತ್ತದೆ. ಉತ್ತರಕ್ಕೆ ಎರಡು ಮೂರು ಗಂಟೆ ಕಾಯಬೇಕು, ಅಷ್ಟೇ.

ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ) ಇದ್ದ ಒಬ್ಬ ಅಜ್ಜಿಯ ಮೂತ್ರದ ಕಲ್ಚರ್‌ನಲ್ಲಿ ಇ ಕೋಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಮೆರೊಪೆನೆಮ್ ಬಿಟ್ಟು ಹೆಚ್ಚಿನ ಔಷಧಗಳಿಗೆ ಬಗ್ಗದ ತಳಿ. ಮೆರೊಪೆನೆಮ್ ಬರೆಯಲು ಪೆನ್ ಹಿಡಿದಿದ್ದೆ. ಉತ್ತರ ಬಂತು: "ಜ್ವರ ಇದೆಯಾ? ಹೊಟ್ಟೆ ನೋವು?" ಎರಡೂ ಇರಲಿಲ್ಲ, ಅಜ್ಜಿ ಆರಾಮಾಗಿ ಗಂಜಿ ಕುಡಿಯುತ್ತಿದ್ದರು. "ಹಾಗಾದ್ರೆ ರಿಪೋರ್ಟಿಗೆ ಮದ್ದು ಬೇಡ, ಕ್ಯಾತಿಟರ್ ಇನ್ನೂ ಬೇಕಾ ನೋಡಿ." ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಅಂತ ಮೂರು ಗುಂಪು ಮಾಡಿದೆ. ಮೆರೊಪೆನೆಮ್ ವಾಚ್ ಗುಂಪಿನದು, ನೋಡಿಕೊಂಡು ಬಳಸಬೇಕಾದ್ದು. ಅವತ್ತು ಸುಮ್ನೆ ಖರ್ಚಾಗುವುದು ತಪ್ಪಿತು.

ಮೂರನೆಯದು ಪ್ರತಿ ಬುಧವಾರ ತಜ್ಞರ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್. ಜೋರು ಮಳೆಯಲ್ಲಿ ಚಿತ್ರ ನಿಂತುಹೋಗುತ್ತದೆ, ಬರೀ ದನಿಯಲ್ಲಿ ಮುಂದುವರಿಸುತ್ತೇವೆ. ಬಿಪಿ ಬೀಳುತ್ತಿರುವ ರೋಗಿಗೆ ಬುಧವಾರದವರೆಗೆ ಕಾಯಲು ಆಗುತ್ತಾ? ಅಲ್ಲಿ ಇದು ಉಪಯೋಗಕ್ಕಿಲ್ಲ.

ಆದರೂ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಔಷಧ ಶುರು ಮಾಡಲು ಎಲ್ಲರೂ ಫೋನ್ ಮಾಡುತ್ತಾರೆ. ನಿಲ್ಲಿಸಲಾ ಅಂತ ಕೇಳಲು ರಾತ್ರಿ ಹನ್ನೊಂದಕ್ಕೆ ಯಾರೂ ಫೋನ್ ಮಾಡುವುದಿಲ್ಲ, ಅಲ್ವಾ? ವಿಡಿಯೊದಲ್ಲಿ ವಾರ್ಡಿನ ಪಟ್ಟಿ ಪೂರ್ತಿ ಓದುತ್ತೇವೆ. ನರ್ಸ್‌ಗಳೂ ಫಾರ್ಮಸಿಯವರೂ ಕೂರುತ್ತಾರೆ. "ಇವತ್ತು ಎಷ್ಟನೇ ದಿನ? ಇನ್ನೂ ಯಾಕೆ ಕೊಡ್ತಿದ್ದೀರಿ? ಬಾಯಲ್ಲಿ ಮಾತ್ರೆ ನುಂಗ್ತಾರಲ್ವಾ, ಇಂಜೆಕ್ಷನ್ ಯಾಕೆ?" ಅಂತ ಪ್ರತಿ ಹೆಸರಿಗೂ ತಜ್ಞರು ಕೇಳುತ್ತಾರೆ. ಚೇತರಿಸಿಕೊಂಡ ನ್ಯುಮೋನಿಯಾ ರೋಗಿಗೆ ಐದು ದಿನ ಸಾಕಾಗುವ ಕಡೆ ನಾವು ಹತ್ತು ದಿನ ಎಳೆಯುತ್ತಿದ್ದೆವು. ಈಗ ಬುಧವಾರ ಬರುವ ಮೊದಲೇ ನಮ್ಮ ಸಿಸ್ಟರ್ ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದಿನ ಬರೆದಿಟ್ಟು, "ಡಾಕ್ಟ್ರೇ, ಏಳನೇ ಬೆಡ್‌ಗೆ ಇವತ್ತು ಐದನೇ ದಿನ" ಅಂತ ನನಗೆ ನೆನಪಿಸುತ್ತಾರೆ.